ಡ್ರಾಯಿಂಗು ಮೇಡಮ್ಮಂದು, ಕೈ ಭಾಯಿದು: ಚನ್ನಪಟ್ಟಣದ ಅರಗಿನ ಸಾಮಾನು ತಂದು, ಬಳಸಿ, ಅಳೆದು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಮುಚ್ಚಳದ ಡಬ್ಬಿ ಕಣ್ಣುಮುಚ್ಚಿ ತಗೊಳ್ಳಿ. ಡ್ರಾಯರಿನ ಹಿಡಿಗಳೂ ಚೆನ್ನಾಗಿವೆ, ಬಣ್ಣ ನೋಡಿಕೊಂಡು ಆರಿಸಬೇಕು ಅಷ್ಟೆ. ಮಗುವಿನ ಬಳೆ ಪೇರಿಸುವ ಆಟಿಕೆ ಒಳ್ಳೆಯದು, ಆದರೆ ಒಂದು ಷರತ್ತಿದೆ. ಕೋಸ್ಟರ್ ಬೇಡ. ಟೇಬಲ್ ಲ್ಯಾಂಪನ್ನು ನಾನು ವಾಪಸ್ ಕೊಟ್ಟೆ.

ನಾನು ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದಲ್ಲಿ ಟರ್ನರ್. ಊರು ಮದ್ದೂರಿನ ಕಡೆ. ಕಬ್ಬಿಣ, ಹಿತ್ತಾಳೆ, ಗನ್‌ಮೆಟಲ್ ಕಡೆಯುವುದು ಕೆಲಸ. ದುಂಡಗಿರೋ ಸಾಮಾನು ಯಾವುದು ಕಂಡರೂ ಕೈ ತಾನಾಗಿ ಜೇಬಿನಲ್ಲಿರುವ ಅಳತೆಯ ಸಾಧನ ವರ್ನಿಯರ್‌ಗೆ ಹೋಗುತ್ತದೆ. ಮದುವೆಮನೆಯಲ್ಲಿ ಲೋಟದ ಬಾಯಿ ಅಳೆದು ಹೆಂಡತಿಯಿಂದ ಬೈಸಿಕೊಂಡಿದ್ದೂ ಉಂಟು. ಹಾಗಾಗಿ ಈ ವಿಮರ್ಶೆಯಲ್ಲಿ ಚೆಂದ, ಕಲೆ, ಸಂಪ್ರದಾಯ ಕಡಿಮೆ, ಮಿಲಿಮೀಟರು ಜಾಸ್ತಿ.

ಅಂಗಡಿ ಬೆಂಗಳೂರಿನ ದಕ್ಷಿಣದ ಕಡೆ, ಒಂದು ಮನೆಯ ಮುಂದಿನ ಕೋಣೆ. ನಡೆಸುವವರು ಡಿಸೈನ್ ಓದಿರುವ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಸಾಮಾನು ಮಾಡುವವರು ಚನ್ನಪಟ್ಟಣದ ಒಬ್ಬ ಹಿರಿಯ ಕುಶಲಕರ್ಮಿ (ತಲೆಬರಹದ ಭಾಯಿ ಇವರೇ) ಮತ್ತು ಅವರ ಇಬ್ಬರು ಮಕ್ಕಳು. ಪ್ರತಿ ವಸ್ತುವಿಗೂ ಕಟ್ಟಿದ ಚೀಟಿಯಲ್ಲಿ ಈ ಹೆಣ್ಣುಮಗಳದೂ ಆ ಹಿರಿಯರದೂ ಹೆಸರಿದೆ, ಒಂದೇ ಅಳತೆಯ ಅಕ್ಷರದಲ್ಲಿ. ಅಂಗಡಿಯ ಹೆಸರು ನಾನು ಬರೆಯುತ್ತಿಲ್ಲ. ಇಂಥ ಜೋಡಿಗಳು ಈಗ ಬೇಕಾದಷ್ಟಿವೆ. ಮಾಯಾ ಆರ್ಗ್ಯಾನಿಕ್, ವರ್ಣಂ ತರಹದವರು ವರ್ಷಗಳ ಹಿಂದೆಯೇ ಈ ದಾರಿ ಹಿಡಿದಿದ್ದಾರೆ. ನಾನು ಹೇಳುವುದನ್ನು ನೀವು ಯಾವ ಅಂಗಡಿಗೆ ಬೇಕಾದರೂ ಹಾಕಿ ನೋಡಬಹುದು.

ಚನ್ನಪಟ್ಟಣದ ಕತೆ ನಿಮಗೆ ಗೊತ್ತೇ ಇರುತ್ತದೆ. ಟಿಪ್ಪು ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳು ಬಂದು ಕಲಿಸಿದರು ಅನ್ನುತ್ತಾರೆ. 2005–06ರ ಸಾಲಿನಲ್ಲಿ ಜಿಐ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಗುರುತು ಸಿಕ್ಕಿತು. ಬಸ್ಸಿನಲ್ಲಿ ಊರಿಗೆ ಹೋಗಿಬರುತ್ತಾ ರಸ್ತೆಬದಿಯ ಆಟದ ಕುದುರೆಗಳನ್ನು ನೋಡುತ್ತಲೇ ಬೆಳೆದವನು ನಾನು. ಆದರೆ ಅಲ್ಲಿ ಮರ ಕಡೆಯುವ ಒಂದು ಲೇತಿನ ಮುಂದೆಯೂ ಹೋಗಿ ನಿಂತವನಲ್ಲ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾದ ಮೇಲೆ ಕಾರುಗಳೆಲ್ಲ ಊರು ಬಿಟ್ಟು ಹೊರಗೇ ಓಡುತ್ತವೆ. ಗೊಂಬೆ ಅಂಗಡಿಯವರಿಗೂ ಪೆಟ್ಟು, ನಮ್ಮ ಮದ್ದೂರು ವಡೆಯವರಿಗೂ ಪೆಟ್ಟು. ದಾರಿಹೋಕರನ್ನು ನಂಬಿಕೊಂಡ ವ್ಯಾಪಾರ ಹೀಗೆ ಕೈಕೊಟ್ಟಾಗ ಬೆಂಗಳೂರಿನ ಡಿಸೈನರ್ ಕೊಡುವ ಆರ್ಡರಿಗೆ ಬೆಲೆ ಬರುತ್ತದೆ. ಆ ಆರ್ಡರು ಯಾವ ನಮೂನೆಯದು ಅನ್ನುವುದೇ ಪ್ರಶ್ನೆ.

ಡಬ್ಬಿಯಿಂದ ಶುರು ಮಾಡೋಣ. 850 ರೂಪಾಯಿ. ಅಂಗೈ ತುಂಬುವಷ್ಟು ದಪ್ಪ, ಹೊರಗೆ ಗಾಢ ನೀಲಿ, ಒಳಗೆ ಅರಗಿಲ್ಲದ ಬರಿಯ ಹಾಲೆ ಮರ. ನಮ್ಮ ಮನೆಯಲ್ಲಿ ಏಲಕ್ಕಿ, ಲವಂಗ ಹಾಕಿಟ್ಟಿದ್ದೇವೆ. ಮುಚ್ಚಳ ಹಾಕುವಾಗ ಒಂದು ಕ್ಷಣ ಗಾಳಿ ತಡೆದು, ಆಮೇಲೆ ಮೆಲ್ಲಗೆ ಕೂರುತ್ತದೆ. ಲೋಹದಲ್ಲಿ ಇಂಥ ಫಿಟ್ ತರುವುದು ದೊಡ್ಡ ವಿಷಯವಲ್ಲ, ಮರದಲ್ಲಿ ತಂದು ಅದನ್ನು ಉಳಿಸಿಕೊಳ್ಳುವುದು ಕಷ್ಟ. ನಾನು ಕಡೆದ ಹಿತ್ತಾಳೆಯ ಬುಷ್ ಇವತ್ತು ದುಂಡಗಿದ್ದರೆ ಮುಂದಿನ ವರ್ಷವೂ ದುಂಡಗೇ ಇರುತ್ತದೆ. ಮರ ಹಾಗಲ್ಲ. ಒಣಗುವಾಗ ಬೆಳವಣಿಗೆಯ ಉಂಗುರದ ಗುಂಟ ಕುಗ್ಗುವಷ್ಟು ಅದಕ್ಕೆ ಅಡ್ಡಲಾಗಿ ಕುಗ್ಗುವುದಿಲ್ಲ. ಹೆಚ್ಚುಕಡಿಮೆ ಒಂದಕ್ಕೆ ಎರಡರ ಲೆಕ್ಕ. ಹಾಗಾಗಿ ದುಂಡಗೆ ಕಡೆದದ್ದು ತಾನಾಗಿಯೇ ಮೊಟ್ಟೆಯಾಗುತ್ತದೆ. ಈ ಡಬ್ಬಿಯ ಬಾಯಿಗೆ ವರ್ನಿಯರ್ ಹಾಕಿದರೆ ಒಂದು ಕಡೆ 68.2, ಅಡ್ಡಲಾಗಿ 67.7. ಪೀಣ್ಯದಲ್ಲಾದರೆ ಅರ್ಧ ಮಿಲಿಮೀಟರ್ ಓವಲ್ ಅಂದರೆ ಸೀದಾ ಸ್ಕ್ರ್ಯಾಪ್ ಡಬ್ಬಕ್ಕೆ.

ಹಾಗಿದ್ದೂ ಮುಚ್ಚಳ ಹೇಗೆ ಕೂರುತ್ತದೆ? ಮುಚ್ಚಳಕ್ಕೆ ವರ್ನಿಯರ್ ಹಾಕಿದೆ. ಅದೂ ಮೊಟ್ಟೆ, ಅದೇ ದಿಕ್ಕಿಗೆ! ಡಬ್ಬಿ, ಮುಚ್ಚಳ ಎರಡೂ ಒಂದೇ ತುಂಡು ಮರದಿಂದ, ಅಕ್ಕಪಕ್ಕದಲ್ಲೇ ಕಡೆದು ಬೇರ್ಪಡಿಸಿದವು. ಒಣಗಿದರೆ ಜೊತೆಗೇ ಕುಗ್ಗುತ್ತವೆ, ತೇವ ಕುಡಿದರೆ ಜೊತೆಗೇ ಹಿಗ್ಗುತ್ತವೆ. ಮುಚ್ಚಳದ ಮೇಲೆ ಒಂದು ಸಣ್ಣ ಕೆಂಪು ಚುಕ್ಕಿ, ಡಬ್ಬಿಯ ಹೊಟ್ಟೆಯ ಮೇಲೆ ಇನ್ನೊಂದು. ಎರಡನ್ನೂ ಎದುರುಬದುರು ತಂದರೆ ಫಿಟ್ ಸರಿಯಾಗಿ ಸಿಗುತ್ತದೆ. ಅಲಂಕಾರಕ್ಕೆ ಇಟ್ಟ ಚುಕ್ಕಿ ಅಂದುಕೊಂಡು ಎಷ್ಟೋ ಜನ ಗಮನಿಸಿಯೇ ಇರಲಿಕ್ಕಿಲ್ಲ.

ಈ ಚುಕ್ಕಿ ಯಾರ ತಲೆಯಿಂದ ಬಂದದ್ದು ಅಂತ ತಿಳಿಯುವ ಚಪಲ. ಅಂಗಡಿಯಲ್ಲಿ ಕೇಳಿದೆ. "ಕೆಲಸದ ಜಾಗವನ್ನೇ ನೋಡಿಬನ್ನಿ, ನಾಳೆ ನಾನೂ ಹೋಗ್ತಿದ್ದೀನಿ" ಅಂದರು ಆ ಮೇಡಂ. ಹೋದೆ.

ತಗಡಿನ ಸೂರಿನ ಕೆಳಗೆ ಮೋಟರಿನ ಎರಡು ಲೇತು, ಮೂಲೆಯಲ್ಲಿ ಹಳೆಯ ಕೈಲೇತು ಒಂದು. ಗೋಡೆ ಪಕ್ಕದಲ್ಲಿ ತೊಗಟೆ ತೆಗೆದು ಒಣಗಲು ಹಾಕಿದ ಹಾಲೆ ಮರದ ತುಂಡುಗಳು, ತುದಿಯಲ್ಲಿ ಸೀಮೆಸುಣ್ಣದಲ್ಲಿ ಬರೆದ ತಿಂಗಳು. ಹಿರಿಯರು ಸ್ಟೂಲಿನ ಮೇಲೆ ಕೂತು ಕೆಲಸ ಮಾಡುತ್ತಿದ್ದರು. ನಾನು ಪೀಣ್ಯದ ಟರ್ನರ್ ಅಂದ ಕೂಡಲೇ ಕೈಯಲ್ಲಿದ್ದ ಉಳಿಯನ್ನೇ ನನ್ನತ್ತ ಚಾಚಿ, "ಧಾರೆ ನೋಡಿ ಹೇಳಿ ಅಣ್ಣ" ಅಂದರು. ನೋಡಿದೆ. ನಾನು ಬಾಯಿ ಬಿಡಲಿಲ್ಲ, ಅವರು ನಕ್ಕರು.

ಅರಗು ಹಾಕುವುದನ್ನು ಅಲ್ಲಿ ಹತ್ತಿರದಿಂದ ನೋಡಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಸಾಮಾನುಗಳ ಒಳ್ಳೆಯದು ಕೆಟ್ಟದ್ದು ಎಲ್ಲ ಅದರಲ್ಲೇ ಅಡಗಿದೆ. ಅರಗನ್ನು ಕಾಯಿಸಿ, ಬಣ್ಣ ಕಲಸಿ, ಎಳೆದೆಳೆದು ನಾದಿ, ಹೆಬ್ಬೆರಳು ಗಾತ್ರದ ಕಡ್ಡಿ ಮಾಡಿಟ್ಟಿರುತ್ತಾರೆ. ಮರ ಲೇತಿನಲ್ಲಿ ಸುತ್ತುತ್ತಿರುವಾಗ ಆ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಬೆಂಕಿ ಇಲ್ಲ, ಬ್ರಷ್ ಇಲ್ಲ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೊದಲು ಪಟ್ಟೆಪಟ್ಟೆಯಾಗಿ, ಒರಟಾಗಿ ಕಾಣುತ್ತದೆ. ಆಮೇಲೆ ಒಣಗಿದ ಗರಿಯ ತುಂಡೊಂದನ್ನು ಮಡಚಿ ಒತ್ತುತ್ತಾರೆ. ತಾಳೆಗರಿ ಅನ್ನುತ್ತಾರೆ ಅದಕ್ಕೆ. ಗರಿ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯುವಷ್ಟರಲ್ಲಿ ಪಟ್ಟೆಗಳು ಕರಗಿ ಸಮನಾಗಿ, ಮೇಲ್ಮೈ ಕನ್ನಡಿಯಾಗುತ್ತದೆ. ನನ್ನ ಮೂವತ್ತು ಚಿಲ್ಲರೆ ವರ್ಷದ ಸರ್ವೀಸಿನಲ್ಲಿ ಇಷ್ಟು ಕಡಿಮೆ ಸಲಕರಣೆಯಿಂದ ಇಂಥ ಫಿನಿಶ್ ಬರುವುದನ್ನು ಕಂಡಿರಲಿಲ್ಲ.

ಉಜ್ಜಾಟದ ಬಿಸಿ ಅಂದಮೇಲೆ ಅದಕ್ಕೊಂದು ಲೆಕ್ಕ ಇರಲೇಬೇಕು. ಬಿಸಿ ಹುಟ್ಟುವುದು ಮೇಲ್ಮೈಯ ವೇಗದಿಂದ. ಅಂಚಿನಲ್ಲಿ ವೇಗ ಹೆಚ್ಚು, ಮಧ್ಯಕ್ಕೆ ಹೋದಂತೆ ಕಡಿಮೆ, ನಟ್ಟನಡುವೆ ಸೊನ್ನೆ. ಇನ್ನೊಂದು, ದಪ್ಪ ಕಡ್ಡಿಯಾಗಲಿ ಮಡಚಿದ ಗರಿಯಾಗಲಿ ಚೂಪಾದ ಒಳಮೂಲೆಗೆ ಇಳಿಯುವುದಿಲ್ಲ. ಚೌಕದ ಪಕ್ಕಗಳಿಗಂತೂ ಈ ವಿಧಾನವೇ ನಡೆಯುವುದಿಲ್ಲ, ಅವು ಲೇತಿನಲ್ಲಿ ಸುತ್ತುವಾಗ ಗರಿಗೆ ಏಟು ಬೀಳುತ್ತದೆ. ಇಷ್ಟು ಗೊತ್ತಿದ್ದರೆ ಯಾವ ಅಂಗಡಿಗೆ ಹೋದರೂ, ಡಿಸೈನ್ ಮಾಡಿದವರು ಲೇತಿನ ಪಕ್ಕ ಕೂತಿದ್ದರೋ ಕಂಪ್ಯೂಟರಿನ ಮುಂದಷ್ಟೇ ಕೂತಿದ್ದರೋ ಅನ್ನುವುದನ್ನು ನೀವೇ ಹೇಳಬಹುದು.

ಡಬ್ಬಿಯ ಡ್ರಾಯಿಂಗ್ ಗೋಡೆಗೆ ಅಂಟಿಸಿದ್ದರು. ಎ4 ಹಾಳೆ, ಎಣ್ಣೆಕೈ ಗುರುತು, ಮರದ ಪುಡಿ. ಅಚ್ಚಾಗಿದ್ದ ಅಳತೆಗಳಲ್ಲಿ ಅರ್ಧದಷ್ಟನ್ನು ಬಾಲ್‌ಪೆನ್ನಲ್ಲಿ ಹೊಡೆದುಹಾಕಿ ಬೇರೆ ಬರೆಯಲಾಗಿತ್ತು. ಒಳಮೂಲೆಯ ರೇಡಿಯಸ್ ಅರ್ಧ ಮಿಲಿಮೀಟರ್ ಇದ್ದದ್ದು 3 ಆಗಿತ್ತು. ಮುಚ್ಚಳದ ಕುತ್ತಿಗೆ ನೆಟ್ಟಗಿದ್ದದ್ದು ಓರೆಯಾಗಿ, ಪಕ್ಕದಲ್ಲಿ ಉರ್ದುವಿನಲ್ಲಿ ಏನೋ ಒಂದು ಸಾಲು. ಚುಕ್ಕಿಯ ಸಂಗತಿ ಕೇಳಿದೆ. ಮೇಡಮ್ಮೇ ಹೇಳಿದರು: ಅವರಿಗೆ 'ಟಪ್' ಅಂತ ಕೂರುವ ಮುಚ್ಚಳ ಬೇಕಿತ್ತು. ಬೇಸಿಗೆಯಲ್ಲಿ ಮಾಡಿದ ಸ್ಯಾಂಪಲ್ ಹಾಗೇ ಕೂತಿತು.

"ಜುಲೈನಲ್ಲಿ ಬಂದು ತೆಗೀರಿ ನೋಡಣ ಮೇಡಂ ಅಂದೆ ನಾನು" ಅಂದರು ಹಿರಿಯರು, ಕೆಲಸ ನಿಲ್ಲಿಸದೆ.

"ತೆಗೆಯಕ್ಕೇ ಆಗಲಿಲ್ಲ" ಅಂದರು ಮೇಡಂ.

ಒಂದೇ ತುಂಡಿನಿಂದ ಕಡೆಯುವುದು, ಕುತ್ತಿಗೆಗೆ ಓರೆ ಕೊಟ್ಟು ಮೊದಲ ಎರಡು ಮೂರು ಮಿಲಿಮೀಟರಲ್ಲಷ್ಟೇ ಹಿಡಿತ ಇಡುವುದು ಹಿರಿಯರದು. ದಿಕ್ಕು ಹೊಂದಿಸಲು ಗಿರಾಕಿಗೆ ಗುರುತು ಬೇಕು ಅಂತ ಚುಕ್ಕಿ ಇಟ್ಟದ್ದು ಮೇಡಮ್ಮಂದು. ಒಬ್ಬರಿಗೆ ಮರ ಗೊತ್ತು, ಇನ್ನೊಬ್ಬರಿಗೆ ಅದನ್ನು ಮನೆಗೆ ಒಯ್ಯುವವರ ಕೈ ಗೊತ್ತು. ಈ ಡಬ್ಬಿಯನ್ನು ಇಬ್ಬರಲ್ಲಿ ಯಾರೊಬ್ಬರೇ ಆಗಿದ್ದರೂ ಮಾಡುತ್ತಿರಲಿಲ್ಲ.

ಈಗ ಕೋಸ್ಟರ್. ನಾಲ್ಕಕ್ಕೆ 900 ರೂಪಾಯಿ. ಚಪ್ಪಟೆ ಬಿಲ್ಲೆ, ಮೇಲೆ ಒಂದರೊಳಗೊಂದು ಬಣ್ಣದ ಬಳೆಗಳು. ಫೋಟೋದಲ್ಲಿ ನೋಡಿದರೆ ಎತ್ತಿಕೊಳ್ಳಬೇಕು ಅನ್ನಿಸುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಅಂಚು ಹೊಳೆಯುತ್ತದೆ, ನಡುವಿನ ಒಂದು ರೂಪಾಯಿಯಷ್ಟು ಜಾಗ ಮಂಕು. ಮೇಲೆ ಹೇಳಿದ ಸೊನ್ನೆ ವೇಗದ ಲೆಕ್ಕವೇ ಅದು. ಅದನ್ನಾದರೂ ಸಹಿಸಬಹುದು. ಅರಗು 70 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುವ ವಸ್ತು. ನಮ್ಮ ಮನೆಯ ಕಾಫಿ ಸ್ಟೀಲ್ ಲೋಟದಲ್ಲಿ, ಹಬೆಯಾಡುತ್ತಾ ಬರುತ್ತದೆ. ಲೋಟ ಎತ್ತಿದರೆ ಕೋಸ್ಟರೂ ಜೊತೆಗೆ ಎದ್ದುಬಂತು. ಬಿಡಿಸಿದಾಗ ಲೋಟದ ತಳದ ಬಳೆ ಅದರ ಮೇಲೆ ಅಚ್ಚಾಗಿತ್ತು. ಪಿಂಗಾಣಿ ಕಪ್ಪಿನಲ್ಲಿ ಆರಿದ ಚಹಾ ಕುಡಿಯುವವರಿಗೆ ನಡೆದೀತೋ ಏನೋ. ಬಿಸಿ ತಡೆಯಲಿ ಅಂತ ಮಾಡುವ ವಸ್ತುವನ್ನು ಬಿಸಿಗೆ ಕರಗುವ ಸಾಮಗ್ರಿಯಲ್ಲಿ ಮಾಡಿದರೆ ಹೇಗೆ? ಇದನ್ನು ಯಾಕೆ ಒಪ್ಪಿಕೊಂಡಿರಿ ಅಂತ ಹಿರಿಯರನ್ನೇ ಕೇಳಿದೆ. "ಗಿಫ್ಟ್‌ಗೆ ಹೋಗ್ತದೆ ಅಣ್ಣ, ಯಾರೂ ಬಳಸಲ್ಲ" ಅಂದರು. ಮೇಡಂ ಮುಖ ಸಣ್ಣಗಾಯಿತು. ಮಾರಾಟ ಮಾತ್ರ ಕೋಸ್ಟರಿಂದೇ ಜಾಸ್ತಿಯಂತೆ.

ಲ್ಯಾಂಪು 3,200 ರೂಪಾಯಿ. ನೆಟ್ಟನೆ ಕಂಬ, ಅದರ ಮೇಲೆ ಮೆಟ್ಟಿಲುಮೆಟ್ಟಿಲಾಗಿ ಕೊರೆದ ಏಳೆಂಟು ತೋಡು, ಪ್ರತಿಯೊಂದರ ತಳವೂ ಚಾಕುವಿನಲ್ಲಿ ಕೊಯ್ದಷ್ಟು ಚೂಪು. ನನ್ನ ಹಿತ್ತಾಳೆಗೆ ಹೇಳಿಮಾಡಿಸಿದ ಡ್ರಾಯಿಂಗು. ಅರಗಿಗಲ್ಲ. ತೋಡಿನ ಮೂಲೆಗಳಲ್ಲಿ ಅರಗು ಇಳಿಯದೆ ಬರಿಮರ ಇಣುಕುತ್ತಿತ್ತು. ಅದನ್ನು ಮುಚ್ಚಲು ಬ್ರಷ್ಷಿನಲ್ಲಿ ತೆಳ್ಳಗೆ ಯಾವುದೋ ಬಣ್ಣ ತೀಡಿದ್ದರು, ಉಗುರಲ್ಲಿ ಕೆರೆದರೆ ಬಂತು. ಇದು ಹೋಟೆಲೊಂದರ ಒಳಾಂಗಣದವರು ಕಳಿಸಿದ ಡ್ರಾಯಿಂಗ್ ಅಂತೆ, ತುರ್ತಿನ ಆರ್ಡರು, ಉಳಿದ ಪೀಸುಗಳನ್ನು ಅಂಗಡಿಯಲ್ಲಿ ಇಟ್ಟಿದ್ದಾರೆ. ವಾಪಸ್ ಕೊಟ್ಟಾಗ ಎರಡು ಮಾತಿಲ್ಲದೆ ಪೂರ್ತಿ ದುಡ್ಡು ಹಿಂತಿರುಗಿಸಿದರು. ಆ ಮಟ್ಟಿಗೆ ಅಂಗಡಿಗೆ ಪೂರ್ತಿ ಅಂಕ.

ಹಿಡಿಗಳು ಒಂದಕ್ಕೆ 180. ಅಡಿಗೆಮನೆಯ ಡ್ರಾಯರಿಗೂ ಮಗಳ ಕೋಣೆಯ ಬೀರುವಿಗೂ ಹಾಕಿಸಿದ್ದೇನೆ. ಅಣಬೆ ಆಕಾರ, ತಲೆ 35 ಮಿಲಿಮೀಟರ್, ಬೆರಳು ಹಿಂದಿನಿಂದ ಹಿಡಿಯುವಲ್ಲಿ ಒಂದು ಸಣ್ಣ ತಗ್ಗು. ಒಳಗೆ ಹಿತ್ತಾಳೆಯ ಎಂ4 ಇನ್ಸರ್ಟ್, ಅಂದರೆ 4 ಮಿಲಿಮೀಟರ್ ಸ್ಕ್ರೂ ಹಿಡಿಯುವ ಥ್ರೆಡ್ಡಿನ ಕೊಳವೆ ಕೂರಿಸಿದ್ದಾರೆ. ಮರಕ್ಕೇ ನೇರ ಸ್ಕ್ರೂ ಹಾಕಿದ್ದರೆ ನಾಲ್ಕು ಸಲ ಬಿಚ್ಚಿ ಹಾಕುವಷ್ಟರಲ್ಲಿ ಸಡಿಲವಾಗುತ್ತಿತ್ತು. ಜೊತೆಗೆ ಕೊಡುವ ಸ್ಕ್ರೂ 25 ಮಿಲಿಮೀಟರಿನದು. ನಿಮ್ಮ ಡ್ರಾಯರಿನ ಮುಖಕ್ಕೆ 18ರ ಪ್ಲೈವುಡ್ ಒಂದೇ ಇದ್ದರೆ ಸರಿಹೋಗುತ್ತದೆ, ಹಿಂದೆ ಇನ್ನೊಂದು ಹಲಗೆ ಇದ್ದರೆ ಸಾಲದು, ಉದ್ದದ್ದು ಬೇರೆ ತರಬೇಕು. ಬಣ್ಣದ ಮಾತು: ಹಳದಿಯನ್ನು ಅರಿಶಿನದಿಂದ ಮಾಡುತ್ತಾರೆ, ಮತ್ತು ಅರಿಶಿನ ಬಿಸಿಲಿಗೆ ನಿಲ್ಲುವುದಿಲ್ಲ. ಕಿಟಕಿ ಪಕ್ಕದ ಎರಡು ಹಿಡಿ ಬೇಸಿಗೆ ಮುಗಿಯುವಷ್ಟರಲ್ಲಿ ಸಪ್ಪಗಾದವು, ನೆರಳಲ್ಲಿರುವವು ಹಾಗೇ ಇವೆ. ನೀಲಿಗೆ ಏನೂ ಆಗಿಲ್ಲ. ಬಿಸಿಲು ಬೀಳುವ ಕಡೆಗೆ ನೀಲಿ ತಗೊಳ್ಳಿ.

ಆಟಿಕೆ ತಂದದ್ದು ಅಕ್ಕನ ಮೊಮ್ಮಗುವಿಗೆ, 650 ರೂಪಾಯಿ. ಕೋಲಿಗೆ ಐದು ಬಳೆ, ತುದಿಗೆ ಪೇರಳೆ ಆಕಾರದ ತಲೆ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ನೋಂದಾಯಿತ ಕುಶಲಕರ್ಮಿಗಳು ಮಾಡಿದ್ದಕ್ಕೂ ಜಿಐ ಇರುವ ಆಟಿಕೆಗಳಿಗೂ ವಿನಾಯಿತಿ ಇದೆ. ಗುರುತಿಲ್ಲ ಅಂದಮಾತ್ರಕ್ಕೆ ಹೆದರಬೇಕಿಲ್ಲ. ಹಾಗೆಂದು ಪರೀಕ್ಷೆ ಬೇಡ ಅಂತಲೂ ಅಲ್ಲ, ಅದು ನಮ್ಮ ತಲೆಗೆ ಬಂತು ಅಷ್ಟೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಬಿಡಿಭಾಗ ಗಂಟಲಿಗೆ ಸಿಕ್ಕೀತೇ ಅಂತ ನೋಡಲು ಒಂದು ಗೇಜ್ ಉಂಟು: 31.7 ಮಿಲಿಮೀಟರ್ ವ್ಯಾಸದ ತೂತು, ತಳ ಓರೆ, ಆಳ ಒಂದು ಬದಿ 25.4, ಇನ್ನೊಂದು ಬದಿ 57.1. ಊಟದ ಬಿಡುವಿನಲ್ಲಿ ಒಂದು ಅಲ್ಯುಮಿನಿಯಂ ತುಂಡಿನಲ್ಲಿ ಅದನ್ನು ಕಡೆದುಕೊಂಡೆ. ಬಳೆಗಳು ಒಂದೂ ಒಳಗೆ ಹೋಗಲಿಲ್ಲ. ಪೇರಳೆ ತಲೆ ಪೂರ್ತಿ ಇಳಿದು ತಳ ಸೇರಿತು. ಅದೇ ನಾನು ಹೇಳಿದ ಷರತ್ತು: ಮಗುವಿಗೆ ಮೂರು ತುಂಬುವವರೆಗೆ ಆ ತಲೆಯನ್ನು ತೆಗೆದಿಡಿ, ಉಳಿದದ್ದನ್ನು ಧಾರಾಳವಾಗಿ ಕೊಡಿ. ಗೇಜನ್ನು ಆ ವರ್ಕ್‌ಶಾಪಿನಲ್ಲೇ ಬಿಟ್ಟುಬಂದೆ. ಹಿರಿಯರ ಕಿರಿಯ ಮಗ ಆಗಲೇ ಕಪಾಟಿನಲ್ಲಿದ್ದ ಸಾಮಾನನ್ನೆಲ್ಲ ಒಂದೊಂದಾಗಿ ಅದರೊಳಗೆ ಹಾಕಿ ನೋಡುತ್ತಿದ್ದ. ಇನ್ನೊಂದು ಎಚ್ಚರಿಕೆ: ಆಟಿಕೆಯನ್ನು ಸ್ಯಾನಿಟೈಸರ್‌ನಲ್ಲಿ ಒರೆಸಬೇಡಿ. ಅರಗು ಸ್ಪಿರಿಟ್ಟಿಗೆ ಕರಗುತ್ತದೆ, ಬಟ್ಟೆಗೆಲ್ಲ ಬಣ್ಣ ಹತ್ತುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ತಕ್ಷಣ ಒಣಬಟ್ಟೆಯಲ್ಲಿ ಉಜ್ಜಿದರೆ ಸಾಕು. ಚೀಟಿಯಲ್ಲಿ ಇದನ್ನು ಅಚ್ಚು ಹಾಕಿಸಬೇಕು.

ಕೊನೆಗೆ ದುಡ್ಡಿನ ವಿಷಯ. ನಾನೂ ಜಾಬ್‌ವರ್ಕ್ ಶೆಡ್ಡುಗಳಲ್ಲಿ ಪೀಸ್ ರೇಟಿಗೆ ದುಡಿದವನು. ಚೀಟಿಯಲ್ಲಿ ಹೆಸರು ಹಾಕುವುದು ಅಗ್ಗದ ಮರ್ಯಾದೆ ಅಂತ ನನಗೆ ಗೊತ್ತು. ಮೇಡಂ ಫೋನಿನಲ್ಲಿ ಮಾತಾಡಲು ಹೊರಗೆ ಹೋದಾಗ ಹಿರಿಯರನ್ನು ಕೇಳಿದೆ: "ಭಾಯಿ, ರಿಜೆಕ್ಷನ್ ಯಾರ ತಲೆ ಮೇಲೆ?"

ಅವರು ಲೇತು ಆಫ್ ಮಾಡಿದರು. "ಹಳೇ ಪಾರ್ಟಿಗಳೆಲ್ಲ ಸ್ಯಾಂಪಲ್ ಪುಕ್ಕಟೆ ಮಾಡಿಸ್ಕೊತಿದ್ರು ಅಣ್ಣ. ಹತ್ತು ತರ ಮಾಡ್ಸಿ ಒಂದ್ ಆರಿಸ್ತಿದ್ರು. ಬಣ್ಣ ಒಂಚೂರು ಆಚೀಚೆ ಆದ್ರೂ ವಾಪಸ್ಸು, ಮರ ನಮ್ದು, ಅರಗು ನಮ್ದು, ನಷ್ಟ ನಮ್ದು. ಈಯಮ್ಮ ಸ್ಯಾಂಪಲ್‌ಗೆ ದಿನದ ಲೆಕ್ಕದಲ್ಲಿ ಕೊಡ್ತಾರೆ. ಕೆಟ್ರೂ ಕೊಡ್ತಾರೆ. ಬಣ್ಣಕ್ಕೆ ಇಷ್ಟರಿಂದ ಇಷ್ಟು ಅಂತ ಎರಡು ಬಿಲ್ಲೆ ಕೊಟ್ಟವ್ರೆ, ಅದರ ಮಧ್ಯ ಇದ್ರೆ ಪಾಸು."

ತೋರಿಸಿದರು. ದಾರದಲ್ಲಿ ಪೋಣಿಸಿದ ಬಿಲ್ಲೆಗಳು, ಪ್ರತಿ ಬಣ್ಣಕ್ಕೂ ಎರಡೆರಡು, ಒಂದು ತೆಳು ಒಂದು ಗಾಢ. ಅಳತೆ ಮಿತಿಯೊಳಗಿದೆಯೇ ಅಂತ ನೋಡುವ ನಮ್ಮ ಗೋ, ನೋ-ಗೋ ಗೇಜಿನ ಹಾಗೆಯೇ, ಬಣ್ಣಕ್ಕೆ. ಜಗಳಕ್ಕೆ ಜಾಗವೇ ಇಲ್ಲ. ಪೀಣ್ಯದಲ್ಲಿ ಎಷ್ಟೋ ಇಂಜಿನಿಯರುಗಳಿಗೆ ಹೊಳೆಯದ ಉಪಾಯ.

ಡಬ್ಬಿ ಸರಿಹೋದದ್ದೂ ಈ ಲೆಕ್ಕದಿಂದಲೇ ಅಂತ ನನ್ನ ಅನಿಸಿಕೆ. ಕೆಟ್ಟ ಸ್ಯಾಂಪಲ್ಲಿಗೂ ಕೂಲಿ ಸಿಗುತ್ತದೆ ಅನ್ನುವ ಧೈರ್ಯ ಇದ್ದದ್ದಕ್ಕೇ ಹಿರಿಯರು "ಜುಲೈನಲ್ಲಿ ಬಂದು ತೆಗೀರಿ" ಅನ್ನಲು ಆದದ್ದು. ಕೋಸ್ಟರಿನಲ್ಲಿ ಮಾತು ನುಂಗಿಕೊಂಡದ್ದು ಮಾರಾಟ ಚೆನ್ನಾಗಿತ್ತೆಂದು. ಲ್ಯಾಂಪಿನಲ್ಲಿ ಮಾತಾಡಲು ಸಮಯವನ್ನೇ ಯಾರೂ ಕೊಟ್ಟಿರಲಿಲ್ಲ.

ಡಬ್ಬಿ ಬೇಕಾದವರು ಸ್ವಲ್ಪ ಮುಂಚೆ ಹೇಳಿಡಬೇಕು. ಮರ ಒಣಗಲು ತಿಂಗಳುಗಳು ಬೇಕು, ಮಳೆಗಾಲದಲ್ಲಿ ಇನ್ನೂ ನಿಧಾನ. ಸ್ಟಾಕ್ ಮುಗಿದಾಗ ಒಣಗದ ಮರದಲ್ಲಿ ಮಾಡಿಕೊಡುವುದಿಲ್ಲ ಅನ್ನುತ್ತಾರೆ. ನಾನು ತಂಗಿಯ ಗೃಹಪ್ರವೇಶಕ್ಕೆ ಅಂತ ಇನ್ನೆರಡಕ್ಕೆ ಅಡ್ವಾನ್ಸ್ ಕೊಟ್ಟು ಬಂದಿದ್ದೇನೆ, ದೀಪಾವಳಿ ಹೊತ್ತಿಗೆ ಅಂದಿದ್ದಾರೆ. ಲ್ಯಾಂಪಿನ ಮೂಲೆಗಳಿಗೆ 3 ಮಿಲಿಮೀಟರ್ ರೇಡಿಯಸ್ ಹಾಕಿ ಹೊಸ ಡ್ರಾಯಿಂಗ್ ಮಾಡುತ್ತಿರುವುದಾಗಿ ಮೇಡಂ ಹೇಳಿದರು. ಕೋಸ್ಟರ್ ನಿಲ್ಲಿಸುತ್ತೀರಾ ಅಂತ ಕೇಳಿದ್ದಕ್ಕೆ ಮಾತ್ರ ಉತ್ತರ ಬರಲಿಲ್ಲ.